ಹಿತ್ತಲು ಬಿಟ್ಟುಕೊಟ್ಟ ಮನೆ

ಮಧ್ಯಾಹ್ನದ ಬಿಸಿಲಿನಲ್ಲಿ ಗೋಡೆಗೆ ಒರಗಿ ನಿಂತ ಒಂದು ಬಿದಿರಿನ ಏಣಿ. ಅದರ ಕೆಳಗಿನ ಮೆಟ್ಟಿಲುಗಳು ಕಾಲು ತಾಗಿ ತಾಗಿ ಸವೆದು ಹೊಳೆಯುತ್ತಿವೆ. ಮೇಲಿನ ಮೆಟ್ಟಿಲಿನಿಂದ ತಂತಿಯ ಕೊಕ್ಕೆಯೊಂದರಲ್ಲಿ ಬಣ್ಣದ ಡಬ್ಬಿ ತೂಗಿದೆ. ಗಾಳಿಯಿಲ್ಲದ ಕಾರಣ ಅದು ಅಲುಗುತ್ತಿಲ್ಲ. ಡಬ್ಬಿಯೊಳಗಿನ ಕೆಂಪಿನ ಮೇಲೆ, ಕಾಸಿ ಮರೆತ ಹಾಲಿನ ಮೇಲೆ ಕಟ್ಟುವಂಥ ತೆಳ್ಳನೆಯ ಕೆನೆ. ಡಬ್ಬಿಯ ಬಾಯಿಗೆ ಅಡ್ಡಲಾಗಿ ಇಟ್ಟ ಕುಂಚದ ತುದಿಯಲ್ಲಿ ಒಂದು ತೊಟ್ಟು, ಬೀಳಬೇಕೆಂದು ಇಳಿದು ಬೀಳಲಾರದೆ ಅಲ್ಲೇ ಗಟ್ಟಿಯಾಗಿದೆ. ಏಣಿಯ ನೆರಳು ಗೋಡೆಯ ಬುಡದಲ್ಲಿ ಮಲಗಿದ ಕಂದು ನಾಯಿಯೊಂದರ ಬೆನ್ನಿನ ಮೇಲೆ ಪಟ್ಟೆ ಪಟ್ಟೆಯಾಗಿ ಬಿದ್ದಿದೆ. ಮೇಲೆ, ಹೊಸದಾಗಿ ಬಿಳಿ ಬಳಿದ ತಗಡಿನ ಹಲಗೆಯಲ್ಲಿ ‘ಸಾರ್ವಜನಿಕ ವಾಚ’ ಎಂಬಷ್ಟು ಮೂಡಿ ನಿಂತಿದೆ. ಏಣಿಯ ಮೇಲೆ ಮನುಷ್ಯನಿಲ್ಲ.

ಎದುರಿನ ಹೊಂಗೆಮರದ ಕಟ್ಟೆಯ ಮೇಲೆ ಕೂತು ನಾನು ಇದನ್ನು ನೋಡುತ್ತಿದ್ದೆ. ಆ ವಾಚನಾಲಯದಲ್ಲಿ ನನ್ನ ಉದ್ಯೋಗದ ಇಡೀ ಕಾಲ ಕಳೆದಿದೆ. ನಿವೃತ್ತನಾದ ಮೇಲೂ ಬೇರೆಲ್ಲಿ ಹೋಗಿ ಕೂರಬೇಕೆಂದು ತಿಳಿಯದೆ ಅಲ್ಲಿಗೇ ಬರುತ್ತೇನೆ. ಹರೆಯದಲ್ಲಿ ಹೊಸಕಾವ್ಯದ ಗಾಳಿ ಬಡಿದವನು ನಾನು. ಪ್ರಾಸ ಬಿಟ್ಟು, ಆವೇಶ ಬಿಟ್ಟು, ಒಂದು ವಸ್ತುವನ್ನು ಕಣ್ಣೆದುರು ಇಟ್ಟು ಸುಮ್ಮನಾಗುವ ಪದ್ಯಗಳನ್ನು ನಾನು ಊಟದಂತೆ ಉಂಡವನು. ಹಾಗಾಗಿ ಖಾಲಿ ಏಣಿಯೊಂದನ್ನು ಕಂಡರೆ ನನಗೆ ಬಹಳ ಹೊತ್ತು ಬೇಸರವಾಗುವುದಿಲ್ಲ. ಆದರೆ ಆ ದಿನ ಬೇಸರವಲ್ಲದ, ಅದಕ್ಕಿಂತ ಭಾರವಾದ ಇನ್ನೇನೋ ಆಯಿತು. ಏಣಿಯಿಂದ ಇಳಿದವನು ಎಲ್ಲಿಗೆ ಹೋಗಿದ್ದಾನೆಂದು ನನಗೆ ಗೊತ್ತಿತ್ತು.

ಅವನು ತಿಪ್ಪೇಶಿ. ನಮ್ಮ ಊರಿನ ಅಂಗಡಿ, ಶಾಲೆ, ಮಿಲ್ಲು, ಛತ್ರ ಎಲ್ಲಕ್ಕೂ ಹೆಸರು ಬರೆದವನು. ಅಳತೆಗೋಲಿಲ್ಲದೆ, ದಾರ ಹಿಡಿಯದೆ, ಹಲಗೆಯ ಮುಂದೆ ಒಂದು ಗಳಿಗೆ ತಲೆ ಓರೆ ಮಾಡಿ ನಿಂತು, ನೇರ ಕುಂಚವಿಡುತ್ತಿದ್ದ. ಅವನ ‘ವ’ಕಾರಕ್ಕೆ ತುಂಬಿದ ಕೊಡದ ಹೊಟ್ಟೆಯಿತ್ತು, ಅವನು ಎಳೆದ ತಲೆಕಟ್ಟಿನ ಮೇಲೆ ನೀರು ಸುರಿದರೂ ಹರಿಯದೆ ನಿಲ್ಲುತ್ತದೆಂದು ಜನ ಹೇಳುತ್ತಿದ್ದರು. ಈಗ ಪೇಟೆಯ ಒಂದು ಕೊನೆಯಿಂದ ಇನ್ನೊಂದು ಕೊನೆಗೆ ನಡೆದುಹೋದರೆ ಅವನ ಕೈಯ ಚರಿತ್ರೆಯನ್ನೇ ಓದಬಹುದು. ಹಳೆಯ ಹಲಗೆಗಳಲ್ಲಿ ಅಕ್ಷರಗಳು ನಿಂತಿವೆ. ಆಮೇಲಿನವುಗಳಲ್ಲಿ ಸ್ವಲ್ಪ ವಾಲಿವೆ. ಹೋದ ವರ್ಷ ಬರೆದ ಹಿಟ್ಟಿನ ಗಿರಣಿಯ ಹಲಗೆಯಲ್ಲಿ, ಗಿರಣಿ ಓಡದಿದ್ದಾಗಲೂ, ಅಕ್ಷರಗಳು ನಡುಗುತ್ತವೆ.

ನಮ್ಮ ಊರಿನ ಆಸ್ಪತ್ರೆಗೆ ಕಟ್ಟಡವಿಲ್ಲ. ಆಸ್ಪತ್ರೆ ಇದೆ, ಸರ್ಕಾರವೇ ನಡೆಸುತ್ತದೆ, ಒಳ್ಳೆಯ ವೈದ್ಯರಿದ್ದಾರೆ, ಔಷಧಕ್ಕೆ ಯಾರೂ ಕೈಯೊಡ್ಡುವುದಿಲ್ಲ. ಆದರೆ ಅದಕ್ಕಿರುವ ಬಾಗಿಲೆಂದರೆ ನಮ್ಮ ಮನೆಗಳ ಹಿತ್ತಲ ಬಾಗಿಲು. ಕಾಯಿಲೆಯಾದವನು ತನ್ನದಲ್ಲದ ಯಾವುದಾದರೂ ಮನೆಯ ಹೊಸ್ತಿಲಿನಲ್ಲಿ ನಿಂತು, ತನಗೇನಾಗಿದೆಯೆಂದು ತನ್ನ ಬಾಯಿಂದ ಹೇಳಿ ದಾರಿ ಕೇಳಬೇಕು. ಮನೆಯವರು ‘ಹೋಗಿ ಬಾ’ ಎನ್ನಬೇಕು. ಅವನು ನಡುಮನೆ ದಾಟಿ ಹಿತ್ತಲ ಬಾಗಿಲು ತೆಗೆದರೆ, ಹೇಳಿದ ಕಾಯಿಲೆ ಯಾವುದೋ ಆ ವಾರ್ಡು ಎದುರಿಗಿರುತ್ತದೆ. ಪ್ರಜ್ಞೆ ತಪ್ಪಿದವರ ಪರವಾಗಿ, ಮಾತು ಬಾರದ ಶಿಶುಗಳ ಪರವಾಗಿ ಮನೆಯವರು ಹೇಳಬಹುದು. ನಾಲಗೆ ಆಡುವವನು ತಾನೇ ಹೇಳಬೇಕು. ಹೋದವನು ಚಿಕಿತ್ಸೆ ಮುಗಿಸಿ ಅದೇ ಬಾಗಿಲಿನಿಂದ ಹಿಂದಿರುಗುವವರೆಗೆ ಆ ಬಾಗಿಲು ಹಿತ್ತಲಿಗೆ ತೆರೆಯುವುದಿಲ್ಲ.

ಇದಕ್ಕೆ ನಾವು ಎಂದೋ ಹೊಂದಿಕೊಂಡಿದ್ದೇವೆ. ಜ್ವರದ ಕಾಲದಲ್ಲಿ ಹೆಂಗಸರು ಬೆಳಕು ಹರಿಯುವ ಮುನ್ನ ಬಟ್ಟೆ ಒಗೆದು ಮುಗಿಸುತ್ತಾರೆ. ಯಾರಾದರೂ ದಾರಿ ಕೇಳಿ ಬಂದರೆ ಒಂದೆರಡು ಗಂಟೆ ಹಿತ್ತಲು ಹೋಯಿತೆಂದೇ ಲೆಕ್ಕ. ನಡುಮನೆಯಲ್ಲಿ ಯಾರೂ ಮಂಚ ಅಡ್ಡ ಹಾಕುವುದಿಲ್ಲ. ಹೆರಿಗೆಗೆ ಬಂದವರಿಗೆ ಬಾಗಿಲು ಕೊಟ್ಟ ಮನೆಗೆ ಅಕ್ಕಪಕ್ಕದವರು ನೀರು ತಂದು ಹಾಕುತ್ತಾರೆ. ಹೆಣ್ಣು ಕೊಡುವವರು ಗಂಡಿನ ಮನೆಗೆ ಬಂದಾಗ ಮೊದಲು ನೋಡುವುದು, ಬೀದಿಯಿಂದ ಹಿತ್ತಲಿಗೆ ಹೋಗಲು ಪಕ್ಕದಲ್ಲಿ ಸಂದಿ ಇದೆಯೇ ಎಂಬುದನ್ನು. ಸಂದಿಯಿದ್ದರೆ ಮಗಳ ಬಾಳು ಸುಗಮ. ನಮ್ಮದು ಗೋಡೆಗೆ ಗೋಡೆ ಕೂಡಿದ ಸಾಲುಮನೆ. ಸಂದಿಯಿಲ್ಲ.

ಕುಡಿತದ ವಿಷಯ ಬೇರೆ. ಅದು ಒಂದೆರಡು ಗಂಟೆಯದಲ್ಲ. ಒಂದು ಮಳೆಗಾಲವಿಡೀ ಬೇಕೆಂದು ಕೆಲವರು, ಅದಕ್ಕಿಂತ ಹೆಚ್ಚೆಂದು ಕೆಲವರು ಹೇಳುತ್ತಿದ್ದರು. ಹಿಂದೊಮ್ಮೆ ಕೆಳಪೇಟೆಯ ಒಂದು ಮನೆಯವರು ಗಾಂಜಾ ಸೇದುವವನೊಬ್ಬನಿಗೆ ಬಾಗಿಲು ಕೊಟ್ಟು, ಹಿತ್ತಲ ನುಗ್ಗೆಯೆಲ್ಲ ಮರದಲ್ಲೇ ಒಣಗಿ, ಬಚ್ಚಲಿಲ್ಲದೆ ಪಾಡುಪಟ್ಟ ಕಥೆ ಊರಿನಲ್ಲಿ ಇನ್ನೂ ಬೆಳೆಯುತ್ತಿತ್ತು. ಹಾಗಾಗಿ ಯಾರೂ ಯಾರಿಗೂ ಹೇಳಿಕೊಡದೆ ಒಂದು ಒಪ್ಪಂದ ಹುಟ್ಟಿತು. ಕುಡಿಯುವವನು ಹೊಸ್ತಿಲಿಗೆ ಬಂದರೆ ಹೊಟ್ಟೆನೋವು ಎನ್ನುವುದು. ಮನೆಯವರು ಅದನ್ನೇ ನಂಬುವುದು. ಅವನು ಹೊಟ್ಟೆಯ ವಾರ್ಡಿಗೆ ಹೋಗಿ ಬಿಳಿ ಔಷಧದ ಸೀಸೆ ಹಿಡಿದು ಸಂಜೆಯೊಳಗೆ ಹಿಂದಿರುಗುತ್ತಿದ್ದ. ಅವನ ಮಾನವೂ ಉಳಿಯಿತು, ನಮ್ಮ ಹಿತ್ತಲೂ ಉಳಿಯಿತು. ನಮ್ಮಷ್ಟು ಹೊಟ್ಟೆನೋವಿರುವ ಊರು ಬೇರೆ ಎಲ್ಲೂ ಇರಲಾರದು.

ಆ ಮಧ್ಯಾಹ್ನ ತಿಪ್ಪೇಶಿ ಏಣಿಯಿಂದಿಳಿದು ಹೋದದ್ದು ನಮ್ಮ ಎದುರುಮನೆಯ ವಿಶಾಲಾಕ್ಷಮ್ಮನವರಲ್ಲಿಗೆ. ಬೀದಿಯಲ್ಲಿ ಅತಿ ಹೆಚ್ಚು ರೋಗಿಗಳಿಗೆ ದಾರಿ ಕೊಟ್ಟವರೆಂದು ಆಕೆಗೆ ಹೆಮ್ಮೆ; ಆಕೆಯ ಮನೆಗೆ ಅಗಲವಾದ ಸಂದಿಯೂ ಉಂಟು. ಅವರ ಜಗುಲಿ ಕಟ್ಟೆಯಿಂದ ದೂರವಿಲ್ಲ; ಅಲ್ಲಿ ಕೂತಿದ್ದ ನನಗೆ ಮಾತು ಸ್ಪಷ್ಟವಾಗಿ ಕೇಳುತ್ತಿತ್ತು.

“ಬಂದ್ಯಾ? ಏನಪ್ಪಾ, ಮತ್ತೆ ಹೊಟ್ಟೆನೋವಾ?”

“ಅಮ್ಮಾ, ಇವತ್ತು ನಾನು ಕುಡಿ…”

“ಹೊಟ್ಟೆನೋವು ಅನ್ನು ಸಾಕು. ಉದ್ದುದ್ದ ಯಾಕೆ ಹೇಳ್ತೀಯ, ಬಿಸಿಲಲ್ಲಿ ನಿಂತ್ಕೊಂಡು?”

ಅವನ ಚಪ್ಪಲಿ ಹೊಸ್ತಿಲಿಗೆ ಉಜ್ಜಿದ ಸದ್ದು ಕೇಳಿತು. ಆಮೇಲೆ, “ಹೊಟ್ಟೆನೋವು ಕಣಮ್ಮಾ. ದಾರಿ ಕೊಡಿ.”

“ಹೋಗಿ ಬಾ. ಬೇಗ ಬಾ. ಹಪ್ಪಳ ಒಣಗಿಹಾಕಿದೀನಿ.”

ಬಿಸಿಲು ಇಳಿಯುವಾಗ ಅವನು ಹಿಂದಿರುಗಿದ. ಸೀಸೆಯನ್ನು ಏಣಿಯ ಬುಡದಲ್ಲಿಟ್ಟು, ಮೇಲೆ ಹತ್ತಿ, ಕೆನೆಯನ್ನು ಬೆರಳಿನಿಂದ ಎತ್ತಿ ಬಿಸಾಡಿ ಕುಂಚ ಅದ್ದಿದ. ‘ವಾಚ’ದ ಮುಂದೆ ಒಂದು ‘ನಾ’ ಬರೆಯಬೇಕಿತ್ತು. ಎಡಗೈಯಿಂದ ಬಲಗೈಯ ಮಣಿಕಟ್ಟನ್ನು ಹಿಡಿದುಕೊಂಡು ಪ್ರಯತ್ನಿಸಿದ. ಮೂಡಿದ್ದು ಅಕ್ಷರವಲ್ಲ. ಬಟ್ಟೆಯಿಂದ ಒರೆಸಿದ; ಹಲಗೆಯ ಬಿಳುಪಿನಲ್ಲಿ ಕೆಂಪು ಮಸುಕೊಂದು ಉಳಿಯಿತು. ಇಳಿದುಬಂದು, ಏಣಿಯನ್ನು ಅಲ್ಲೇ ಬಿಟ್ಟು, ಹೆಂಡದಂಗಡಿಯ ದಿಕ್ಕಿಗೆ ನಡೆದ. ನನ್ನತ್ತ ನೋಡಲಿಲ್ಲ.

ಅವನ ಹೆಂಡತಿ ಮಾರಕ್ಕ ನಮ್ಮ ಮನೆಗೆ ಬಂದದ್ದು ಮರುದಿನ. ನನ್ನ ಹೆಂಡತಿ ಅನಸೂಯ ಬಾಗಿಲು ತೆಗೆದಳು. ಮಾರಕ್ಕ ಹೊಸ್ತಿಲಿನಲ್ಲಿ ನಿಂತು, ಉಸಿರು ಬಿಗಿಹಿಡಿದು, ಕಂಠಪಾಠ ಒಪ್ಪಿಸುವವಳಂತೆ ಹೇಳಿದಳು:

“ನನ್ನ ಗಂಡ ಕುಡೀತಾನೆ ಕಣಮ್ಮಾ. ಅದಕ್ಕೆ ದಾರಿ ಕೊಡಿ.”

ಇದು ನಡೆಯದೆಂದು ಮೂವರಿಗೂ ಗೊತ್ತಿತ್ತು. ಆದರೂ ಅನಸೂಯ ಒಂದು ಕ್ಷಣ ಅವಳ ಮುಖ ನೋಡಿ, “ಹೋಗಿ ಬಾಮ್ಮಾ” ಎಂದಳು. ಮಾರಕ್ಕ ನಡುಮನೆ ದಾಟಿ ಹಿತ್ತಲ ಬಾಗಿಲಿನ ಚಿಲಕ ತೆಗೆದಳು. ನಮ್ಮ ಆ ಬಾಗಿಲು ಬಿಗಿ. ತೆಗೆಯುವಾಗ ಎಳೆಯಬೇಕು, ಮುಚ್ಚುವಾಗ ಅನಸೂಯ ಮೊಣಕೈಯಿಂದ ದೂಡದೆ ಅದು ಚೌಕಟ್ಟಿಗೆ ಕೂಡುವುದೇ ಇಲ್ಲ. ಮಾರಕ್ಕ ಎಳೆದಳು. ಎದುರಿಗೆ ಒಗೆಯುವ ಕಲ್ಲು, ತಂತಿಯ ಮೇಲೆ ನನ್ನ ಪಂಚೆ, ಬಚ್ಚಲು, ಅದರಾಚೆ ಕರಿಬೇವಿನ ಗಿಡ. ಅವಳು ಎಲ್ಲವನ್ನೂ ನೋಡಿದಳು.

“ನಿಮ್ಮ ಕರಿಬೇವು ಚೆಂದಾಗಿ ಬಂದೈತೆ,” ಅಂದಳು. ಆಮೇಲೆ ಬಾಗಿಲಿಗೆ ಬೆನ್ನು ಕೊಟ್ಟು ನಕ್ಕಳು. “ಈ ಬೀದೀಲಿ ಎಲ್ಲಾರ ಹಿತ್ಲೂ ನೋಡ್ಬಿಟ್ಟೆ ಕಣಮ್ಮಾ. ಯಾರ ಮನೇಲಿ ಎಷ್ಟು ಮಡಕೆ ಒಡೆದೈತೆ ಅಂತ ಬೇಕಾದ್ರೆ ಹೇಳ್ತೀನಿ. ಆಸ್ಪತ್ರೆ ಮಾತ್ರ ಕಾಣ್ಲಿಲ್ಲ.”

ಅನಸೂಯ ಹೋಗಿ ಕರಿಬೇವಿನ ಒಂದು ದೊಡ್ಡ ರೆಂಬೆಯನ್ನೇ ಮುರಿದು ತಂದು ಅವಳ ಸೆರಗಿಗೆ ಹಾಕಿದಳು. ಆ ಗಿಡದ ಒಂದೆಲೆಯನ್ನು ಕೇಳಿ ಪಡೆಯುವುದಕ್ಕೆ ನನಗೆ ಕೆಲವೊಮ್ಮೆ ಅರ್ಧ ದಿನ ಹಿಡಿದದ್ದುಂಟು.

ನಾನು ತಿಪ್ಪೇಶಿಯನ್ನು ಹುಡುಕಿಕೊಂಡು ಹೋದೆ. ಅವನು ಹೊಂಗೆಯ ಕಟ್ಟೆಯ ಮೇಲೇ ಸಿಕ್ಕಿದ, ತನ್ನ ಏಣಿಯನ್ನು ನೋಡುತ್ತ ಕೂತಿದ್ದ. ಬೆಳಗಿನ ಹೊತ್ತು, ಇನ್ನೂ ಕುಡಿದಿರಲಿಲ್ಲ. ಎರಡು ಕೈಗಳನ್ನೂ ತೊಡೆಯ ಕೆಳಗೆ ಅದುಮಿಟ್ಟುಕೊಂಡಿದ್ದ.

“ಸಾರ್, ಬೋರ್ಡು ಎರಡು ದಿನದಾಗೆ ಮುಗಿಸ್ತೀನಿ.”

“ಬೋರ್ಡಿನ ಮಾತಿರಲಿ. ನಿನ್ನೆ ಡಾಕ್ಟರು ಏನೆಂದರು?”

ಅವನು ಮೂಗಿನ ಮೇಲೆ ಕೂತ ನೊಣವನ್ನು ಓಡಿಸಲೂ ಕೈ ಹೊರತೆಗೆಯಲಿಲ್ಲ, ತಲೆ ಕೊಡವಿದ. “ಕಣ್ಣು ಎಳೆದು ನೋಡಿದ್ರು ಸಾರ್. ಹಳದಿ ಆಗೈತೆ ಅಂದ್ರು. ‘ನೀನು ಹೇಳ್ಕೊಂಡು ಬಂದಿರೋದು ಹೊಟ್ಟೆನೋವು. ನಾನು ಕೊಡೋದೂ ಅದಕ್ಕೇ ಔಷಧಿ. ನೀನು ಹೋಗ್ಬೇಕಾದ ವಾರ್ಡು ಅಗೋ ಆ ಕಿಟಕಿಯಾಚೆ ಕಾಣುತ್ತೆ. ಆದ್ರೆ ಇಲ್ಲಿಂದ ಅಲ್ಲಿಗೆ ಬಾಗ್ಲಿಲ್ಲ. ಇನ್ನೊಂದು ಮಳೆಗಾಲ ನೋಡೋ ಆಸೆ ಇದ್ರೆ ಕಾಯಿಲೆ ಹೆಸರು ಸರಿಯಾಗಿ ಹೇಳ್ಕೊಂಡು ಬಾ’ ಅಂದ್ರು.”

“ಕಿಟಕಿಯಾಚೆ ನೋಡಿದೆಯಾ?”

“ನೋಡ್ದೆ. ಮಂಚ ಹಾಕವ್ರೆ. ಒಬ್ಬ ಮುದುಕಪ್ಪ ಕೂತ್ಕಂಡು ಬಟಾಣಿ ಸುಲೀತಿದ್ದ, ಅಡಿಗೆಮನೇಗೆ ಅಂತ ಕಾಣುತ್ತೆ. ಒಂದು ಕಾಳೂ ಕೆಳಗೆ ಬೀಳಲಿಲ್ಲ ಸಾರ್. ಅವನ ಕೈ ನಡುಗ್ತಿರಲಿಲ್ಲ.” ಇದನ್ನು ಹೇಳುವಾಗ ಅವನ ದನಿಯಲ್ಲಿದ್ದದ್ದು, ಚಿಕ್ಕವರು ಬೇರೆಯವರ ಗಾಳಿಪಟ ನೋಡುವಾಗಿನ ಆಸೆ.

“ಮತ್ತೆ ಹೇಳಬಾರದೇ? ಒಂದು ಮಾತು.”

“ಊರಿಗೆಲ್ಲಾ ಬೋರ್ಡು ಬರೆದವನು ಸಾರ್ ನಾನು. ಈಗ ಕುಡುಕ ಅಂತ ನಾನೇ ಒಂದು ಬರ್ಕೊಂಡು ಕುತ್ತಿಗೆಗೆ ಹಾಕ್ಕೊಳ್ಲಾ?” ಎಂದು ನಗಲು ನೋಡಿದ. ಆಮೇಲೆ ಮೆಲ್ಲಗೆ, “ಅದೂ ಹೋಗ್ಲಿ. ಹೇಳ್ತೀನಿ ಅಂತಾನೇ ಹೋಗಿದ್ದೆ ನಿನ್ನೆ. ಬಾಯಿಗೆ ಬಂದಿದ್ದನ್ನ ಆಯಮ್ಮ ತಿರುಗಿ ಒಳಕ್ಕೇ ತಳ್ಳಿದ್ರು. ಅವರದೇನೂ ತಪ್ಪಿಲ್ಲ. ಮಳೆಗಾಲ ಪೂರ್ತಿ ಹಿತ್ಲು ಬಿಟ್ಟುಕೊಟ್ಟು ಯಾರು ಕೂತಿರ್ತಾರೆ? ನೀವು ಕೊಡ್ತೀರಾ?”

ಅವನು ಅದನ್ನು ಪ್ರಶ್ನೆಯಾಗಿ ಕೇಳಿರಲಿಲ್ಲ. ನಾನು ಉತ್ತರಿಸಿದೆ.

“ಕೊಡುತ್ತೇನೆ. ಶುಕ್ರವಾರ ಬೆಳಿಗ್ಗೆ ಬಾ.”

ಮನೆಗೆ ನಡೆಯುವಾಗ ನಾನು ಯೋಚಿಸಿದೆ. ಹೇಳದೆ ಹೇಳುವುದೇ ಕಾವ್ಯವೆಂದು ನಂಬಿ ಬದುಕಿದವನು ನಾನು. ಸಾವನ್ನು ಸಾವೆನ್ನದೆ ಒಣಗಿದ ಬಾವಿಯೆಂದ, ವಿರಹವನ್ನು ವಿರಹವೆನ್ನದೆ ತೊಳೆಯದ ಲೋಟವೆಂದ ಸಾಲುಗಳಿಗಾಗಿ ಎಷ್ಟೋ ರಾತ್ರಿಗಳನ್ನು ಕೊಟ್ಟಿದ್ದೇನೆ. ಆ ರಾತ್ರಿಗಳ ಬಗ್ಗೆ ನನಗೆ ಪಶ್ಚಾತ್ತಾಪವಿಲ್ಲ. ಆದರೆ ಹಿತ್ತಲ ಬಾಗಿಲಿಗೆ ಧ್ವನಿ ತಿಳಿಯದು, ರೂಪಕ ತಿಳಿಯದು. ಅದರ ಎದುರು ಹೊಟ್ಟೆನೋವು ಎಂದರೆ ಹೊಟ್ಟೆನೋವು, ಅಷ್ಟೇ. ಲೋಕದಲ್ಲಿ ಇಂಥ ಕಿವಿಯೂ ಒಂದಿರಬೇಕೆಂದು ನನಗೆ ಆಗ ಅನ್ನಿಸಿತು.

ಅನಸೂಯ ಅಕ್ಕಿ ಆರಿಸುತ್ತಿದ್ದಳು. ನಾನು ವಿಷಯ ಹೇಳಿದೆ. ಅವಳು ಮೊರವನ್ನು ಕೆಳಗಿಡಲಿಲ್ಲ.

“ಹಿತ್ತಲು ನಿಮ್ಮದಾ?”

“ನಮ್ಮದು.”

“ನೀವು ಹಿತ್ತಲಿಗೆ ಹೋಗೋದು ಯಾತಕ್ಕೆ? ಸ್ನಾನಕ್ಕೆ, ಪಾಯಿಖಾನೆಗೆ. ಮದುವೆಯಾದಾಗಿನಿಂದ ಕರಿಬೇವಿಗೆ ಒಂದು ಚೊಂಬು ನೀರು ಹಾಕಿದೀರಾ? ಒಗೆಯೋ ಕಲ್ಲಿಗೆ ಯಾವ ಕಡೆ ಇಳಿಜಾರು ಅಂತ ಗೊತ್ತಾ?”

ನನಗೆ ಗೊತ್ತಿರಲಿಲ್ಲ.

“ಗೊತ್ತಿಲ್ಲದ ಆಸ್ತೀನ ದಾನ ಮಾಡಿ ಬಂದಿದೀರ. ಸಂದಿಯಿಲ್ಲದ ಮನೆ ನಮ್ಮದು. ಶುಕ್ರವಾರದಿಂದ ಬಟ್ಟೆ ಎಲ್ಲಿ ಒಗೀಲಿ? ನಿಮ್ಮ ಕವಿಗಳು ಬಂದು ಒಗೆದುಕೊಡ್ತಾರಾ? ನನ್ನ ಮಂಡಿ ಇಟ್ಕೊಂಡು ಪಾಯಿಖಾನೆಗೆ ಯಾರ ಮನೆಗೆ ಹೋಗ್ಲಿ?”

ನಾನು ಕಳವಳಗೊಳ್ಳಲಿಲ್ಲ. ಅವಳು ಬೇಡವೆನ್ನುವುದಾದರೆ ಒಂದೇ ಮಾತಿನಲ್ಲಿ ಅನ್ನುತ್ತಾಳೆ. ಇಷ್ಟು ಪ್ರಶ್ನೆಗಳನ್ನು ಕೇಳುತ್ತಿದ್ದಾಳೆಂದರೆ ಆಗಲೇ ಒಂದೊಂದಕ್ಕೂ ದಾರಿ ಹುಡುಕುತ್ತಿದ್ದಾಳೆ. ಅವಳು ಮೊರವನ್ನು ಒಮ್ಮೆ ಕೇರಿ, ಒಂದು ಕಲ್ಲು ಹೆಕ್ಕಿ ಎಸೆದಳು.

“ಬೆಳಿಗ್ಗೆ ಆ ಮಾರಕ್ಕ ನಮ್ಮ ಬಾಗಿಲು ತೆಗೆದು ನಿಂತಿದ್ಲಲ್ಲ,” ಅಂದಳು, “ನನ್ನ ಹಿತ್ತಲು ನೋಡಿ ಯಾರಿಗಾದ್ರೂ ಅಷ್ಟೊಂದು ಬೇಸರ ಆಗಬಹುದು ಅಂತ ನಾನು ಅಂದ್ಕೊಂಡೇ ಇರಲಿಲ್ಲ.”

ಸಂಜೆ ಅವಳು ಸೀರೆ ಬದಲಿಸಿ ವಿಶಾಲಾಕ್ಷಮ್ಮನವರ ಮನೆಗೆ ಹೊರಟಳು. ನನ್ನನ್ನೂ ಕರೆದಳು, ಮಾತಾಡುವುದಕ್ಕಲ್ಲ, ಬೀದಿ ದಾಟುವಾಗ ಕೈ ಹಿಡಿಯಲು. ಆಕೆ ಜಗುಲಿಯ ಮೇಲೆ ಹಪ್ಪಳ ಎತ್ತಿಡುತ್ತಿದ್ದರು.

“ವಿಶಾಲೂ, ತಿಪ್ಪೇಶಿಗೆ ನೀನು ಎಷ್ಟು ಸಲ ದಾರಿ ಕೊಟ್ಟಿದೀಯ?”

“ಅಯ್ಯೋ, ಲೆಕ್ಕ ಇಟ್ಟವರು ಯಾರು ಅನಸೂಯಾ? ಪಾಪ, ಹೊಟ್ಟೆ ಸರಿಯಿಲ್ಲ ಆ ಮನುಷ್ಯಂಗೆ.”

“ಹೊಟ್ಟೆ ಸರಿಯಾಗಿದೆ. ಶುಕ್ರವಾರ ಅವನಿಗೆ ನಮ್ಮನೇಲಿ ಬಾಗಿಲು ಕೊಡ್ತಿದೀವಿ. ಕುಡಿತಕ್ಕೆ.”

ವಿಶಾಲಾಕ್ಷಮ್ಮನವರ ಕೈಯ ಹಪ್ಪಳ ಮುರಿಯಿತು. ಆ ಮಾತು ಜಗುಲಿಯ ಮೇಲೆ ಬಹಿರಂಗವಾಗಿ ಬಿದ್ದದ್ದಕ್ಕೆ ಆಕೆ ಬೀದಿಯ ಎರಡೂ ಕಡೆ ನೋಡಿದರು. “ನಿಂಗೇನು ತಲೆ ಕೆಟ್ಟಿದೆಯಾ? ನಿಮ್ಮನೆಗೆ ಸಂದಿ ಬೇರೆ ಇಲ್ಲ. ಮಳೆಗಾಲ ಪೂರ್ತಿ ಏನು ಮಾಡ್ತೀಯ?”

“ಅದಕ್ಕೇ ಬಂದೆ. ನಿನ್ನ ಬಚ್ಚಲು, ಪಾಯಿಖಾನೆ, ಒಗೆಯೋ ಕಲ್ಲು ನಮಗೆ ಬೇಕು. ಸಂದೀಲಿ ಬಂದು ಸಂದೀಲಿ ಹೋಗ್ತೀವಿ. ನಿಮ್ಮ ಅಡಿಗೆಮನೆ ಕಡೆ ತಲೆ ಹಾಕೋದಿಲ್ಲ.”

“ಇವರೂ ಬರ್ತಾರಾ?” ಎಂದು ಆಕೆ ನನ್ನನ್ನು ತೋರಿಸಿದರು. “ಬೆಳಗಾತ ಪದ್ಯ ಹೇಳ್ಕೊಂಡು ಬಂದು ನಿಲ್ಲೋದಾದ್ರೆ ನಮ್ಮನೆಯವರಿಗೆ ಸಿಟ್ಟು ಬರುತ್ತಮ್ಮ.”

“ಬಾಯಿ ಮುಚ್ಚಿಕೊಂಡು ಬರ್ತಾರೆ.”

“ಯೋಚನೆ ಮಾಡ್ತೀನಿ ಬಿಡು.”

“ಯೋಚನೆ ಎಂಥದು? ಬೀದೀಲಿ ಎಲ್ಲರಿಗಿಂತ ಹೆಚ್ಚು ರೋಗಿಗಳಿಗೆ ದಾರಿ ಕೊಟ್ಟೋಳು ನೀನು. ತಿಪ್ಪೇಶಿ ವಾಸಿಯಾಗಿ ಬಂದ್ರೆ, ವಿಶಾಲಾಕ್ಷಮ್ಮ ಬಚ್ಚಲು ಕೊಟ್ಟಿದ್ರಿಂದ ಆಯ್ತು ಅಂತ ನಾನೇ ಹೇಳ್ಕೊಂಡು ಬರ್ತೀನಿ. ಕೊಡದೇ ಇದ್ರೆ ಅದನ್ನೂ ಹೇಳ್ತೀನಿ.”

ವಿಶಾಲಾಕ್ಷಮ್ಮನವರು ಮುರಿದ ಹಪ್ಪಳದ ಎರಡು ತುಂಡುಗಳನ್ನೂ ಜೋಡಿಸಿ ನೋಡಿದರು, ಅಂಟಿಸಬಹುದೇನೋ ಎಂಬಂತೆ. “ಬಿಸಿನೀರಿನ ಹಂಡೆ ಬೆಳಿಗ್ಗೆ ಮೊದಲು ನಮಗೆ,” ಅಂದರು. “ಆಮೇಲೆ ನೀವು.”

ಹಾಗೆ ಅದು ನಿರ್ಧಾರವಾಯಿತು. ಗುರುವಾರ ಅನಸೂಯ ಹಿತ್ತಲನ್ನು ಮನೆಯೊಳಕ್ಕೆ ತಂದಳು. ಪ್ರವಾಸಕ್ಕೆ ಹೊರಡುವವರು ಸಾಮಾನು ಕಟ್ಟುವುದನ್ನು ನೋಡಿದ್ದೇನೆ. ಹಿತ್ತಲೇ ಹೊರಟು ನಿಂತದ್ದನ್ನು ನೋಡಿದ್ದು ಅದೇ ಮೊದಲು. ತಂತಿ ಬಿಚ್ಚಿ ನಡುಮನೆಯ ಎರಡು ಗೋಡೆಗಳ ನಡುವೆ, ಓಡಾಡುವವರ ತಲೆಗೆ ತಾಗದಷ್ಟು ಎತ್ತರದಲ್ಲಿ ಕಟ್ಟಿಸಿದಳು. ಕಟ್ಟಿದವನು ನಾನು, ಮೂರು ಸಲ ಬಿಚ್ಚಿಸಿದವಳು ಅವಳು. ಹಂಡೆ, ಬಕೆಟ್ಟು, ಪೊರಕೆ, ಒಣಗಿದ ಸೀಗೆಕಾಯಿ, ಸೌದೆಯ ರಾಶಿ ಒಂದೊಂದಾಗಿ ಒಳಗೆ ಬಂದು ನನ್ನ ಪುಸ್ತಕದ ಕಪಾಟಿನ ಬುಡದಲ್ಲಿ ನೆಲೆಸಿದವು. ದೊಡ್ಡಪತ್ರೆಯ ಕುಂಡ ಕಿಟಕಿಗೆ ಹೋಯಿತು. ಕೊನೆಗೆ ಅವಳು ಕರಿಬೇವಿನ ಹತ್ತಿರ ಹೋಗಿ ಗಿಡವನ್ನು ಪೂರ್ತಿ ಬೋಳಿಸಿ, ಬುಡಕ್ಕೆ ಕೊಡಗಟ್ಟಲೆ ನೀರು ಸುರಿದು, ಅದರೊಡನೆ ಏನೋ ಮಾತಾಡಿದಳು. ಏನೆಂದು ನಾನು ಕೇಳಲಿಲ್ಲ. ಅವರಿಬ್ಬರ ಸ್ನೇಹ ಹಳೆಯದು.

“ಮಳೆ ಬರುತ್ತೆ, ಬದುಕಿಕೊಳ್ಳುತ್ತೆ,” ಎಂದಳು ಒಳಗೆ ಬಂದು. ಮೊಣಕೈಯಿಂದ ಬಾಗಿಲನ್ನು ದೂಡಿ ಚಿಲಕ ಹಾಕಿದಳು.

ಶುಕ್ರವಾರ ಬೆಳಿಗ್ಗೆ ಅವರಿಬ್ಬರೂ ಬಂದರು. ತಿಪ್ಪೇಶಿ ತಲೆಗೆ ಎಣ್ಣೆ ಹಚ್ಚಿ ಬಾಚಿದ್ದ. ಅದು ಮಾರಕ್ಕನ ಕೈಕೆಲಸವೆಂದು ಬೈತಲೆಯ ನೇರದಿಂದಲೇ ಗೊತ್ತಾಗುತ್ತಿತ್ತು. ಮಾರಕ್ಕನ ಕಂಕುಳಲ್ಲಿ ಮಡಿಸಿದ ಕಂಬಳಿ, ತಟ್ಟೆ, ಲೋಟ. ಇನ್ನೊಂದು ಕೈಯಲ್ಲಿ ಅವನ ಬಣ್ಣದ ಡಬ್ಬಿ; ಏಣಿಯ ಮೇಲಿಂದ ಇಳಿಸಿ ತಂದಿದ್ದಳು, ಯಾರಾದರೂ ಎತ್ತಿಕೊಂಡು ಹೋದಾರೆಂದು. ಎದುರು ಜಗುಲಿಯ ಮೇಲೆ ವಿಶಾಲಾಕ್ಷಮ್ಮನವರು ಕೆಲಸವಿಲ್ಲದೆ ನಿಂತಿದ್ದರು. ಅಕ್ಕಪಕ್ಕದ ಬಾಗಿಲುಗಳಲ್ಲೂ ಜನ, ಯಾರೂ ನೋಡುತ್ತಿಲ್ಲವೆಂಬಂತೆ ನೋಡುತ್ತಿದ್ದರು.

ತಿಪ್ಪೇಶಿ ಹೊಸ್ತಿಲಿನಲ್ಲಿ ನಿಂತ. ಎರಡೂ ಕೈಗಳಿಂದ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡ. ಮರದ ಚೌಕಟ್ಟು ಕೈಯ ನಡುಕವನ್ನು ಎಳೆದುಕೊಂಡು, ಮೇಲೆ ಕಟ್ಟಿದ್ದ ಒಣಗಿದ ಮಾವಿನ ತೋರಣ ಸಣ್ಣಗೆ ಸದ್ದುಮಾಡತೊಡಗಿತು. ಅವನು ಬಾಯಿ ತೆರೆದ. ಹಿಂದಿರುಗಿ ಬೀದಿಯನ್ನು ನೋಡಿದ. ಮತ್ತೆ ತೆರೆದ.

“ಅಮ್ಮಾ… ಹೊಟ್ಟೆ…”

ಮಾರಕ್ಕ ಕಣ್ಣು ಮುಚ್ಚಿಕೊಂಡಳು. ನನ್ನ ನಾಲಗೆಯ ತುದಿಗೆ ಆ ಶಬ್ದ ಬಂದು ನಿಂತಿತ್ತು. ಅವನಿಗೆ ಎತ್ತಿ ಕೊಡುವಂತಿದ್ದರೆ ಕೊಟ್ಟುಬಿಡುತ್ತಿದ್ದೆ. ಬದುಕಿನಲ್ಲಿ ಎಷ್ಟು ಶಬ್ದಗಳನ್ನು ಕೂಡಿಟ್ಟಿದ್ದೇನೆ, ಇನ್ನೊಬ್ಬನಿಗೆ ಬೇಕಾದ ಒಂದನ್ನು ಸಾಲ ಕೊಡಲಾರೆ.

ಅನಸೂಯ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದಳು.

“ತಿಪ್ಪೇಶಿ, ಇಲ್ಲಿ ಕೇಳು. ನಾನು ಕರಿಬೇವಿನ ಗಿಡ ಬೋಳಿಸಿ ಕೂತಿದೀನಿ. ನಡುಮನೇಲಿ ತಂತಿ ಕಟ್ಟಿಸಿದೀನಿ. ಈ ಮಂಡಿ ಇಟ್ಕೊಂಡು ಬೀದಿ ದಾಟಿ ಅಗೋ ಅವಳ ಪಾಯಿಖಾನೆಗೆ ಹೋಗ್ತೀನಿ ಅಂತ ಒಪ್ಪಿಕೊಂಡಿದೀನಿ. ಇಷ್ಟಾದ ಮೇಲೆ ನೀನು ಹೊಟ್ಟೆನೋವು ಅಂದ್ಯೋ, ನಿನ್ನ ಹೊಟ್ಟೆ ನಿಜವಾಗ್ಲೂ ನೋಯೋ ಹಾಗೆ ಮಾಡ್ತೀನಿ.”

ತಿಪ್ಪೇಶಿಗೆ ನಗು ಬಂತು. ಎಲ್ಲಿಂದಲೋ ಬಂದ ಆ ನಗು ಅವನ ಹೆಗಲನ್ನೆಲ್ಲ ಅಲುಗಿಸಿತು. ತೋರಣದಿಂದ ಒಂದು ಎಲೆ ಬಿತ್ತು. ನಗುತ್ತ ನಗುತ್ತ ಅವನ ಕಣ್ಣು ತುಂಬಿತು. ಆ ನಗುವಿನ ಕೊನೆಯಲ್ಲಿ, ಬೀದಿಗೆಲ್ಲ ಕೇಳುವಷ್ಟು ದೊಡ್ಡದಾಗಿ, ಅವನು ಹೇಳಿದ:

“ಕುಡಿತ ಕಣಮ್ಮಾ. ನಾನು ಕುಡೀತೀನಿ. ಬಿಡ್ತೀನಿ ಅಂತ ಇವಳ ತಲೆ ಮುಟ್ಟಿ ಏಸು ಸಲ ಆಣೆ ಮಾಡಿದ್ರೂ ನನ್ನ ಕೈಲಿ ಆಗ್ಲಿಲ್ಲ. ಒಬ್ನೇ ಬಿಡಕ್ಕೆ ಆಗಲ್ಲ ನಂಗೆ. ಅದಕ್ಕೆ ದಾರಿ ಕೊಡಿ.”

ಆಕಾಶ ಬೀಳಲಿಲ್ಲ. ಯಾರ ಮನೆಯಲ್ಲೋ ಒಗ್ಗರಣೆ ಸಿಡಿಯುತ್ತಿತ್ತು. ಅದು ಸಿಡಿಯುತ್ತಲೇ ಇತ್ತು.

“ಹೋಗಿ ಬಾಪ್ಪಾ,” ಎಂದಳು ಅನಸೂಯ.

“ಹೋಗಿ ಬಾ,” ಎಂದಿತು ಬೀದಿಯಾಚೆಯ ಜಗುಲಿಯಿಂದ ಇನ್ನೊಂದು ದನಿ. ಹಾಗೆ ಎದುರುಮನೆಯಿಂದ ಹೇಳುವ ಪದ್ಧತಿ ನಮ್ಮಲ್ಲಿಲ್ಲ. ವಿಶಾಲಾಕ್ಷಮ್ಮನವರು ಹೇಳಿಬಿಟ್ಟು, ಹೇಳಿದವರು ತಾವಲ್ಲವೆಂಬಂತೆ ಕಂಬವನ್ನು ಸೆರಗಿನಿಂದ ಒರೆಸತೊಡಗಿದರು.

ಅವನು ನಡುಮನೆ ದಾಟಿದ. ತಂತಿಯ ಮೇಲಿನ ನನ್ನ ಪಂಚೆಯ ಕೆಳಗೆ ತಲೆ ತಗ್ಗಿಸಿ, ಸೌದೆಯ ರಾಶಿ, ಹಂಡೆ, ಪುಸ್ತಕದ ಕಪಾಟು ಎಲ್ಲವನ್ನೂ ಒಮ್ಮೆ ನೋಡುತ್ತ ಹೋದ. ಯಾವುದು ಎಲ್ಲಿಂದ ಬಂದಿದೆಯೆಂದು ಅವನಿಗೆ ತಿಳಿಯಿತೆಂದು ಕಾಣುತ್ತದೆ. ಮಾರಕ್ಕ ಹಿಂದೆಯೇ ನಡೆದಳು. ಹಿತ್ತಲ ಬಾಗಿಲ ಬಳಿ ಕಂಬಳಿಯನ್ನು ಅವನ ಹೆಗಲಿಗೇರಿಸಿ, ತಟ್ಟೆ ಲೋಟ ಕೈಗಿತ್ತಳು. ಅವಳು ಅವನ ಅಂಗಿಯ ಮೇಲಿನ ಗುಂಡಿಯನ್ನು ಹಾಕಿದಳು, ಸರಿಯೆನಿಸಲಿಲ್ಲವೇನೋ, ಬಿಚ್ಚಿ ಮತ್ತೆ ಹಾಕಿದಳು.

ಅವನು ಚಿಲಕ ತೆಗೆದು ಎಳೆದ. ಎದುರಿಗೆ ಒಗೆಯುವ ಕಲ್ಲಿರಲಿಲ್ಲ. ಬೋಳು ಕರಿಬೇವಿರಲಿಲ್ಲ. ಆಗತಾನೆ ಒರೆಸಿದ ಉದ್ದನೆಯ ಮೊಗಸಾಲೆಯಿತ್ತು, ಫಿನಾಯಿಲಿನ ವಾ‍ಸನೆಯಿತ್ತು, ಗೋಡೆಗೆ ಒರಗಿಸಿದ ಬೆಂಚಿನ ಮೇಲೆ ಸಾಲಾಗಿ ಕೂತ ಮೂರ್ನಾಲ್ಕು ಜನ ಟೀ ಕುಡಿಯುತ್ತಿದ್ದರು. ಅವರಲ್ಲೊಬ್ಬ ಮುದುಕ. ಅವನ ಲೋಟ ಅಂಚಿನವರೆಗೆ ತುಂಬಿತ್ತು, ತುಳುಕುತ್ತಿರಲಿಲ್ಲ. ಖಾಕಿ ಅಂಗಿಯ ಸಿಬ್ಬಂದಿಯೊಬ್ಬ ನಮ್ಮತ್ತ ತಿರುಗಿ, ಆಶ್ಚರ್ಯವೇನೂ ಇಲ್ಲದೆ, “ಬನ್ನಿ, ಬನ್ನಿ. ಟೀ ಆರಿಹೋಗುತ್ತೆ,” ಎಂದ. ಎಷ್ಟು ಸಾಮಾನ್ಯವಾದ ಜಾಗ ಅದು! ಇದಕ್ಕಾಗಿಯೇ ನಾವು ಇಷ್ಟು ವರ್ಷ ದನಿ ತಗ್ಗಿಸಿದ್ದೆವು.

ತಿಪ್ಪೇಶಿ ಒಂದು ಕಾಲು ಆಚೆಯಿಟ್ಟ. ಇನ್ನೊಂದನ್ನು ಎತ್ತುವ ಮೊದಲು ತಿರುಗಿದ. ಮಾರಕ್ಕನನ್ನು ನೋಡಿದ, ಅವಳ ಕೈಯಲ್ಲಿದ್ದ ಡಬ್ಬಿಯನ್ನು ನೋಡಿದ, ಆಮೇಲೆ ನನ್ನನ್ನು.

“ಸಾರ್, ಆ ಡಬ್ಬಿ ಮುಚ್ಚಳ ಗಟ್ಟಿಯಾಗಿ ಹಾಕಿಡಿ. ಗಾಳಿ ಹೋದ್ರೆ ಮತ್ತೆ ಕೆನೆ ಕಟ್ಟುತ್ತೆ. ‘ನಾಲಯ’ ಇನ್ನೂ ಬಾಕಿ ಐತೆ.”

“ಹಾಕಿಡುತ್ತೇನೆ,” ಎಂದೆ.

ಅವನು ಆ ಕಾಲನ್ನೂ ಎತ್ತಿ ಆಚೆಗಿಟ್ಟ. ಬೆಂಚಿನ ಮೇಲಿದ್ದವರು ಅವನಿಗೆ ಜಾಗ ಬಿಡಲು ಒತ್ತಿಕೊಂಡು ಕೂರುತ್ತಿದ್ದರು. ಅನಸೂಯ ಅಭ್ಯಾಸಬಲದಿಂದ ಮೊಣಕೈ ಮುಂದೆ ಮಾಡಿಕೊಂಡು ಬಂದಳು, ಬೇಕಾಗಲಿಲ್ಲ. ಅವಳು ದೂಡದೆ ಎಂದೂ ಚೌಕಟ್ಟಿಗೆ ಕೂಡದ ಆ ಬಾಗಿಲು, ಅವನ ಬೆನ್ನ ಹಿಂದೆ, ತಾನೇ ಮೆಲ್ಲಗೆ ಬಂದು ಬಿಗಿಯಾಗಿ ಮುಚ್ಚಿಕೊಂಡಿತು.